ಉಪ್ಪು ಹಾಕಿ ಹೊಳೆಗೆ ಬಿಟ್ಟ ತುಣುಕು

ಸಣ್ಣ ಆಪರೇಷನ್ ಕೋಣೆಯಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ಟ್ರೇ ಹಿಡಿದೆ. ಮೊದಲು ಮಾನ್ವಿಯಲ್ಲಿ, ಆಮೇಲೆ ದೇವದುರ್ಗದಲ್ಲಿ. ಎರಡೂ ಖಾಸಗಿ ನರ್ಸಿಂಗ್ ಹೋಮ್‌ಗಳು, ಹೆಸರು ಬರೆಯುವುದಿಲ್ಲ. ಈಗ ರಾಯಚೂರಿನಲ್ಲಿ ತಂಗಿಯ ಮನೆಯ ಮೇಲಿನ ಕೋಣೆಯಲ್ಲಿದ್ದೇನೆ. ನರ್ಸಿಂಗ್ ಓದಿ ಕೆಲಸಕ್ಕೆ ಸೇರುವ ಹುಡುಗಿಯರು ಆಗಾಗ ಬರುತ್ತಾರೆ. ಹೊಟ್ಟೆ ಕೊಯ್ಯುವುದು, ಎಲುಬು ಕೂಡಿಸುವುದು, ಇಂಥ ದೊಡ್ಡ ಆಪರೇಷನ್‌ಗಳ ವಿಷಯ ಕೇಳುತ್ತಾರೆ. ನಾನು ಗಂಟು, ನರಹುಲಿ, ಆಣಿಗಳ ವಿಷಯ ಹೇಳುತ್ತೇನೆ. ಅವರಿಗೆ ಬೇಸರವಾಗುವುದು ಮುಖದಲ್ಲೇ ಕಾಣುತ್ತದೆ. ಆದರೂ ಅದನ್ನೇ ಹೇಳುತ್ತೇನೆ. ದೊಡ್ಡ ಆಪರೇಷನ್ನಿನಲ್ಲಿ ಎಲ್ಲರೂ ಹುಷಾರಾಗಿರುತ್ತಾರೆ. ನನ್ನ ಕೈಯಿಂದ ತಪ್ಪಾದದ್ದು ಹದಿನೈದು ನಿಮಿಷದ ಕೆಲಸದಲ್ಲಿ.

ಚರ್ಮದ ಮೇಲೆ ಬೆಳೆದದ್ದನ್ನು ತೆಗೆಸಿಕೊಂಡವರೆಲ್ಲ ಮೇಜಿನಿಂದ ಇಳಿಯುವ ಮೊದಲು ಒಂದೇ ಮಾತು ಕೇಳುತ್ತಾರೆ, ಇದು ಮತ್ತೆ ಬರುತ್ತದೆಯೇ ಎಂದು. ಡಾಕ್ಟರು ಆಗಲೇ ಕೈ ತೊಳೆಯಲು ಹೋಗಿರುತ್ತಾರೆ. ಹಾಗಾಗಿ ಉತ್ತರ ಕೊಡುವ ಕೆಲಸ ನಮ್ಮ ಪಾಲಿಗೆ ಬರುತ್ತದೆ.

ಮಾನ್ವಿಯ ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಅವರ ಹತ್ತಿರ ನಾನು ಸೇರಿದ ಹೊಸದರಲ್ಲಿ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಬಂದರು. ಕತ್ತಿನ ಹಿಂದೆ ನಿಂಬೆಹಣ್ಣಿನಷ್ಟು ಗಂಟು. ಬೇರೆ ಬೇರೆ ಕಡೆ ಮೂರು ಸಲ ತೆಗೆಸಿದ್ದರು.

"ಮೂರು ಸಲಾನೂ ಬಂದದ ಸಾಹೇಬ್ರ. ಯಾರೋ ಮಾಡ್ಸ್ಯಾರ ಅಂತೀನಿ ನಾನು. ಎದುರಿನ ಗಿರಣಿಯವನ ಮ್ಯಾಲ ನನಗ ಅನುಮಾನ ಅದ" ಅಂದರು.

ಡಾಕ್ಟರು ಗಂಟನ್ನು ಎರಡು ಬೆರಳಲ್ಲಿ ಒತ್ತಿ ನೋಡಿದರು. "ಯಾರೂ ಮಾಡ್ಸಿಲ್ಲ ಸಾವ್ಕಾರ್ರ. ಪ್ರತಿ ಸಲಾನೂ ಒಳಗಿನ ಹಿಟ್ಟು ಹಿಚುಕಿ ತಗದಾರ, ಚೀಲ ಒಳಗ ಬಿಟ್ಟಾರ. ಚೀಲ ಇದ್ರ ಅದು ತುಂಬ್ತದ."

"ಹಂಗಂದ್ರ ಚೀಲಾನೇ ತಗೀರಿ ಮತ್ತ" ಅಂದರು ಸಾಹುಕಾರರು. ಜೀವಮಾನವಿಡೀ ಚೀಲದ ವ್ಯವಹಾರ ಮಾಡಿದವರು. ಬಿಡಿಸಿ ಹೇಳುವ ಗರಜು ಬೀಳಲಿಲ್ಲ. ಆ ದಿನ ಡಾಕ್ಟರು ಚೀಲ ಒಡೆಯದಂತೆ ಸುತ್ತಲೂ ಬಿಡಿಸಿ ಇಡಿಯಾಗಿ ತೆಗೆದು ನನ್ನ ಟ್ರೇಯಲ್ಲಿಟ್ಟರು. ಆ ಗಂಟು ಮತ್ತೆ ಬರಲಿಲ್ಲ. ಎದುರಿನ ಗಿರಣಿಯವನ ಮೇಲಿನ ಅನುಮಾನ ಮಾತ್ರ ಹೋಗಲಿಲ್ಲ ಎಂದು ಕೇಳಿದೆ.

ಅವರ ಕೈ ಕೆಳಗೆ ಕಲಿತದ್ದನ್ನು ಚುಟುಕಾಗಿ ಹೇಳುತ್ತೇನೆ. ಕೊಬ್ಬಿನ ಗಂಟು ಪೂರ್ತಿ ಹೊರಗೆ ಬಂದರೆ ಅದೇ ಜಾಗದಲ್ಲಿ ಹುಟ್ಟುವುದು ಬಹಳ ಕಡಿಮೆ. ಕತ್ತಿನಲ್ಲಿ ಜೋತು ಬೀಳುವ ಸಣ್ಣ ಸಣ್ಣ ಚರ್ಮದ ಕಾಳುಗಳನ್ನು ಕತ್ತರಿಸಿದರೆ ಕತ್ತರಿಸಿದ್ದು ಬರುವುದಿಲ್ಲ, ಪಕ್ಕದಲ್ಲಿ ಹೊಸದು ಏಳುತ್ತದೆ, ಜನ ಅದನ್ನೇ ಹಳೆಯದು ಅನ್ನುತ್ತಾರೆ. ನರಹುಲಿಯ ಸೋಂಕು ಸುತ್ತಲಿನ ಚರ್ಮದಲ್ಲೂ ಇರುತ್ತದೆ, ಹಾಗಾಗಿ ಅದು ಮರಳುವುದು ಸಾಮಾನ್ಯ. ಇನ್ನು ಗಾಯದ ಕಲೆಯೇ ಉಬ್ಬಿ ಗಂಟಾಗುವ ಒಂದು ಜಾತಿ ಇದೆ. ಅದನ್ನು ಬರೀ ಕೊಯ್ದು ಬಿಟ್ಟರೆ ಮೊದಲಿಗಿಂತ ದೊಡ್ಡದಾಗಿ ಬರಬಹುದು.

ಈ ಕೊನೆಯದನ್ನು ಕಲಿತದ್ದು ಕಲ್ಮಲದ ಹುಡುಗಿಯೊಬ್ಬಳಿಂದ. ಕಿವಿ ಚುಚ್ಚಿಸಿದ ಜಾಗದಲ್ಲಿ ಕಡಲೆಯಷ್ಟು ಉಬ್ಬು. ನಮ್ಮ ಡಾಕ್ಟರು ಊರಲ್ಲಿರಲಿಲ್ಲ. ಅವರ ಬದಲಿಗೆ ಬಂದಿದ್ದವರು ಕತ್ತರಿಸಿ ಎರಡು ಹೊಲಿಗೆ ಹಾಕಿದರು. ಮದುವೆ ಗೊತ್ತಾಗಿತ್ತು. ನಾನು ಬ್ಯಾಂಡೇಜು ಸುತ್ತುತ್ತಾ, "ಇನ್ನ ಬರಂಗಿಲ್ಲವ್ವಾ, ಮದುವಿಗಿ ಜುಮಕಿ ಹಾಕ್ಕೋ" ಅಂದೆ. ಐದು ತಿಂಗಳಿಗೆ ಅವಳ ತಾಯಿ ಅವಳನ್ನು ಕರೆದುಕೊಂಡು ಬಂದರು. ಹುಡುಗಿ ಸೆರಗನ್ನು ಕಿವಿಯ ಮೇಲೆ ಹೊದ್ದಿದ್ದಳು. ತಾಯಿ ಸೆರಗು ಸರಿಸಿ, "ಜುಮಕಿ ನೋಡ್ರಿ ಅಕ್ಕಾರ" ಅಂದರು. ನೇರಳೆ ಹಣ್ಣಿನಷ್ಟಾಗಿತ್ತು.

ಅವರು ಹೋದ ಮೇಲೆ ಡಾಕ್ಟರು ನನ್ನನ್ನು ಕರೆದರು. ಜೋರು ಮಾಡಲಿಲ್ಲ. "ಬರಂಗಿಲ್ಲ ಅಂತ ಯಾಕ ಹೇಳಿದ್ರಿ?"

"ಧೈರ್ಯ ಬರ್ಲಿ ಅಂತ ಸರ್."

"ತಗದದ್ದು ಏನು ಅಂತ ಗೊತ್ತಾಗೋತನ ಬರ್ತದ ಅನಬ್ಯಾಡ್ರಿ, ಬರಂಗಿಲ್ಲ ಅನಬ್ಯಾಡ್ರಿ. ಕರ್ರಗಿದ್ದದ್ದು, ರಕ್ತ ಬರೋದು, ಮತ್ತ ಬಂದದ್ದು, ಈ ಮೂರನ್ನ ಯಾರು ಏನೇ ಹೇಳ್ಲಿ, ಬಾಟ್ಲಿಗೆ ಹಾಕ್ರಿ."

ಬಾಟ್ಲಿ ಎಂದರೆ ತುಣುಕು ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ದ್ರವ ತುಂಬಿದ ಅಗಲ ಬಾಯಿಯ ಸಣ್ಣ ಡಬ್ಬಿ. ತುಣುಕನ್ನು ಅದರಲ್ಲಿಟ್ಟು, ಹೆಸರು ಮತ್ತು ಮೈಯ ಯಾವ ಭಾಗದ್ದು ಎಂದು ಬರೆದು, ರಾಯಚೂರಿನ ಲ್ಯಾಬಿಗೆ ಕಳಿಸಬೇಕು. ಮಾನ್ವಿಯಲ್ಲಿ ಇದ್ದಷ್ಟು ದಿನ ಆ ಮೂರನ್ನೂ ತಪ್ಪದೆ ಕಳಿಸಿದೆ. ಎಲ್ಲದರ ವರದಿಯೂ ಏನೂ ಇಲ್ಲ ಎಂದೇ ಬರುತ್ತಿತ್ತು. ವರ್ಷಗಟ್ಟಲೆ ಏನೂ ಇಲ್ಲ ಎಂದು ಓದಿದವರ ಕೈ ತಾನಾಗಿ ಸಡಿಲಾಗುತ್ತದೆ. ನನ್ನದೂ ಆಯಿತು.

ದೇವದುರ್ಗಕ್ಕೆ ಬರುವ ಹೊತ್ತಿಗೆ ಕೆಲಸದ ರೀತಿಯೇ ಬದಲಾಗಿತ್ತು. ಹೆಚ್ಚಿನದಕ್ಕೆ ಚಾಕುವಿನ ಬದಲು ಕರೆಂಟಿನ ಸೂಜಿಯಿಂದ ಸುಡುವ ಯಂತ್ರ ಬಂದಿತ್ತು. ರಕ್ತ ಇಲ್ಲ, ಹೊಲಿಗೆ ಇಲ್ಲ, ಸುಟ್ಟ ಕೂದಲಿನ ವಾಸನೆ ಮಾತ್ರ. ಅಲ್ಲಿನ ಡಾಕ್ಟರು ನನಗಿಂತ ಚಿಕ್ಕವರು, ಕೈ ಚುರುಕು, ಬಡವರನ್ನು ಗದರಿದವರಲ್ಲ. ಅವರ ಮೇಲೆ ನನಗೆ ಅನುಮಾನ ಬಂದದ್ದು ಬಹಳ ಆಮೇಲೆ. ಯಂತ್ರದ ಮೇಲೆ ಮೊದಲ ದಿನದಿಂದ ಇತ್ತು. ಸುಟ್ಟು ಬೂದಿಯಾದದ್ದು ಏನಾಗಿತ್ತು ಎಂದು ಯಾವ ಲ್ಯಾಬಿನವರೂ ಹೇಳಲಾರರು.

ಆ ಕಡೆ ಒಂದು ರೂಢಿ ಇದೆ. ಮೈಯಿಂದ ತೆಗೆದ ಗಂಟನ್ನೋ ನರಹುಲಿಯನ್ನೋ ಮನೆಯವರು ಕೇಳಿ ಪಡೆಯುತ್ತಾರೆ. ಹಿಡಿ ಉಪ್ಪಿನ ಜೊತೆ ಬಟ್ಟೆಯಲ್ಲಿ ಕಟ್ಟಿ ಹೊಳೆಯ ಹರಿವಿಗೆ ಬಿಡುತ್ತಾರೆ. ಉಪ್ಪು ಕರಗಿದ ಹಾಗೆ ಅದರ ಬೇರೂ ಕರಗಲಿ, ಮತ್ತೆ ಬರದಿರಲಿ ಎಂದು. ಕೃಷ್ಣೆ ಹತ್ತಿರವೇ ಇದೆ. ನಾನು ಮೊದಮೊದಲು ನಕ್ಕೆ, ಆಮೇಲೆ ಕೊಡತೊಡಗಿದೆ, ಕಡೆಕಡೆಗೆ ಕೇಳುವ ಮೊದಲೇ ಗಾಯಕ್ಕೆ ಕಟ್ಟುವ ತೆಳು ಗಾಜುಬಟ್ಟೆಯಲ್ಲಿ ಸುತ್ತಿಡತೊಡಗಿದೆ. ಅಡುಗೆ ಕಟ್ಟೆಯಿಂದ ಉಪ್ಪು ತಂದು ಹಾಕಿ ಕೊಟ್ಟದ್ದೂ ಉಂಟು. ಜನ ನನ್ನನ್ನು ಮರ್ಯಾದೆಯಿಂದ ಬಾಯಾರು ಎಂದು ಕರೆದರು, ಒಳ್ಳೆಯವಳು ಅಂದರು. ನನಗೆ ಅದು ಹಿಡಿಸಿತ್ತು ಎಂಬುದನ್ನೂ ಬರೆದಿಡಬೇಕು.

ಅಮರಮ್ಮ ಬಂದದ್ದು ಹೀಗಿರುವಾಗ. ಹೊಳೆಯ ದಂಡೆಯ ಹಳ್ಳಿಯವಳು, ಮೂವತ್ತೈದರ ಆಸುಪಾಸು. ಭತ್ತದ ನಾಟಿಯ ಹೆಣ್ಣುಮಕ್ಕಳ ಗುಂಪಿನಲ್ಲಿ ಎಲ್ಲರಿಗಿಂತ ಮುಂದಿನ ಸಾಲು ಹಿಡಿಯುವವಳು. ಬಲಗಾಲಿನ ಹಿಮ್ಮಡಿಯಲ್ಲಿ ನೋವು. ಜೊತೆಗೆ ಅತ್ತೆ ಈರಮ್ಮ ಇದ್ದಳು. ಮುಳ್ಳು ಚುಚ್ಚಿ ಆಣಿಯಾಗಿದೆ ಎಂದು ಅವರೇ ಹೇಳಿದರು. ಡಾಕ್ಟರು ನೋಡಿ ಆಣಿ ಅಂದರು. ಮುಳ್ಳು ಒಳಗಿದ್ದೀತೆಂದು ಸುಡದೆ, ಮರಗಟ್ಟಿಸುವ ಸೂಜಿ ಕೊಟ್ಟು ಚಾಕುವಿನಿಂದ ತೆಗೆದರು, ಮೂರು ಹೊಲಿಗೆ.

ಮುಂದಿನದನ್ನು ಎಷ್ಟು ಕಂಡೆನೋ ಅಷ್ಟೇ ಹೇಳುತ್ತೇನೆ. ತುಣುಕು ಹುಣಸೆ ಬೀಜದಷ್ಟಿತ್ತು. ಗಾಜುಬಟ್ಟೆಯ ಮೇಲೆ ಇಟ್ಟಾಗ ಅದರ ಒಂದು ಅಂಚು ಕಪ್ಪಗಿತ್ತು. ನಾನು ನೋಡಿದೆ. ಮುಳ್ಳಿನ ಸುತ್ತ ಒಣಗಿದ ರಕ್ತ ಅಂದುಕೊಂಡೆ. ಡಾಕ್ಟರು ಲ್ಯಾಬಿಗೆ ಕಳಿಸಿ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಮುಂದಿನವರನ್ನು ಕರೆಯಲು ಹೇಳಿದರು. ಈರಮ್ಮ ಬಾಗಿಲಲ್ಲಿ ನಿಂತು, "ಅದನ್ನ ಕೊಡ್ರಿ ಬಾಯಾರ, ಹೊಳಿಗೆ ಬಿಡ್ತೀನಿ" ಅಂದಳು. ನಾನು ಸುತ್ತಿ ಕೊಟ್ಟೆ. ರಿಜಿಸ್ಟರಿನಲ್ಲಿ ನೀಲಿ ಪೆನ್ನಿನಿಂದ "ಬಲ ಹಿಮ್ಮಡಿ, ಆಣಿ" ಎಂದು ಬರೆದೆ.

ಹತ್ತು ತಿಂಗಳಿಗೆ ಇಬ್ಬರೂ ಮತ್ತೆ ಬಂದರು.

"ಆಣಿ ತಿರುಗಿ ಬಂದದ್ರಿ. ನಾನೇ ಉಪ್ಪು ಕಡಿಮಿ ಹಾಕಿದ್ನೇನೋ" ಅಂದಳು ಈರಮ್ಮ.

ಡಾಕ್ಟರು ದೂರದಿಂದಲೇ ನೋಡಿದರು. "ಬರಿಗಾಲಿಲೆ ಕೆಸರಿನಾಗ ಓಡಾಡಿದ್ರ ಆಣಿ ಬರದ ಏನ್ ಬರ್ತದ? ಈ ಸಲ ಸುಟ್ಟು ಬಿಡೋಣ, ಸಿಸ್ಟರ್."

ನಾನು ಸ್ಪಿರಿಟ್ ಹಚ್ಚಿ ಹಿಮ್ಮಡಿ ಒರೆಸಿದೆ. ಹಳೆಯ ಹೊಲಿಗೆಯ ಗೆರೆ ಕಾಣುತ್ತಿತ್ತು, ಅದರ ಎರಡೂ ಬದಿಗೆ ದಾರದ ಚುಕ್ಕೆಗಳು. ಕಪ್ಪು ಆ ಚುಕ್ಕೆಗಳನ್ನು ದಾಟಿ ಒಳಪಾದದ ಕಡೆ ಹರಿದಿತ್ತು. ಒಂದು ಕಡೆ ಕಪ್ಪು, ಒಂದು ಕಡೆ ಕಂದು, ಅಂಚು ಒದ್ದೆ ಕಾಗದದ ಮೇಲೆ ಶಾಯಿ ಚೆಲ್ಲಿದ ಹಾಗೆ. ಆಣಿಗೆ ನಡುವೆ ಗಟ್ಟಿ ತಿರುಳು ಇರುತ್ತದೆ, ಬಣ್ಣ ಇರುವುದಿಲ್ಲ, ಅದು ಹರಿಯುವುದಿಲ್ಲ. ಸಾವಿರಾರು ಆಣಿ ನೋಡಿದವಳು ನಾನು. ಮೊದಲ ತುಣುಕಿನ ಕಪ್ಪಂಚು ಕಣ್ಣ ಮುಂದೆ ಬಂತು.

"ಸರ್, ಸುಡೋದು ಬ್ಯಾಡ. ಒಂದು ತುಣುಕು ತಗೀರಿ. ಬಾಟ್ಲಿ ಇಟ್ಟೀನಿ" ಅಂದೆ.

ಅವರು ನನ್ನನ್ನು ನೋಡಿದರು. ಅಷ್ಟು ವರ್ಷದಲ್ಲಿ ಹೀಗೆ ಮಾಡಿ ಎಂದು ನಾನು ಅವರಿಗೆ ಹೇಳಿದವಳಲ್ಲ. ಆಮೇಲೆ ಎದುರಾಡದೆ ಚಾಕು ಕೇಳಿದರು. ಅದು ಅವರ ದೊಡ್ಡತನ. ಅದನ್ನು ಮರೆಸಿ ಬರೆದರೆ ನಾನು ಸುಳ್ಳಿಯಾಗುತ್ತೇನೆ.

ತುಣುಕು ಬಾಟ್ಲಿಗೆ ಬೀಳುವುದನ್ನು ಈರಮ್ಮ ಬಾಗಿಲಿನಿಂದ ನೋಡಿದಳು. ಒಳಗೇ ಬಂದಳು.

"ಅದನ್ನ ಕೊಡ್ರಿ."

"ಈ ಸಲ ಕೊಡಾಕ ಬರಂಗಿಲ್ಲ ಯವ್ವಾ. ರಾಯಚೂರಿಗಿ ಪರೀಕ್ಷಾಕ್ಕ ಕಳಸಬೇಕು."

"ಹೋದ ಸಲ ಕೊಟ್ಟಿದ್ರಿ."

"ಕೊಟ್ಟಿದ್ದೆ."

"ಈ ಸಲ ಯಾಕಿಲ್ಲ? ಮಂದಿ ತುಣುಕು ಇಟ್ಕೊಂಡು ಏನ್ ಮಾಡ್ತೀರಿ? ಮಾರ್ತೀರೇನು?"

"ಆಣಿ ಯಾರ್ ತಗೋತಾರ ಯವ್ವಾ?"

"ತಗೊಳ್ಳೋರಿಲ್ಲಂದ್ರ ಕೊಡಾಕೇನು ಕಷ್ಟ?"

ಬೋರಲು ಮಲಗಿದ್ದ ಅಮರಮ್ಮ ತಲೆ ಎತ್ತದೆ, "ಅತ್ತಿ, ನನ್ನ ಕಾಲು ಇನ್ನಾ ಇಲ್ಲೇ ಅದ. ಅದಕ್ಕ ಪಟ್ಟಿ ಕಟ್ಟಿ ಆಮ್ಯಾಗ ಜಗಳಾಡ್ರಿ" ಅಂದಳು. ಡಾಕ್ಟರು ನಕ್ಕರು. ಈರಮ್ಮ ನಗಲಿಲ್ಲ, ನಾನೂ ನಗಲಿಲ್ಲ.

ಕೊನೆಗೆ ಈರಮ್ಮನೇ ಒಂದು ದಾರಿ ತೆಗೆದಳು. ಬಾಟ್ಲಿ ಯಾರ ಕೈಗೂ ಕೊಡುವುದಿಲ್ಲ, ತಾನೇ ಒಯ್ಯುತ್ತೇನೆ, ಪರೀಕ್ಷೆ ಮಾಡುವವನನ್ನು ಕಣ್ಣಾರೆ ನೋಡುತ್ತೇನೆ. ದಾರಿಯಲ್ಲಿ ಹೊಳೆಗೆ ಬಿಟ್ಟಾಳು ಎಂದು ನನಗೆ ಅನುಮಾನ. ನಾನು ಬದಲಾಯಿಸಿಯೇನು ಎಂದು ಅವಳಿಗೆ. ಮರುದಿನ ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸಿನಲ್ಲಿ ರಾಯಚೂರಿಗೆ ಹೊರಟೆವು. ಬಾಟ್ಲಿ ಅವಳ ಮಡಿಲಲ್ಲಿತ್ತು, ಎರಡೂ ಕೈ ಅದರ ಮೇಲೆ. ಕಲ್ಮಲ ದಾಟಿದ ಮೇಲೆ, "ಇದು ಆಣಿ ಅಲ್ಲ ಅಂತ ನಿಮಗ ಅನಸಾಕತ್ತದ, ಹೌದಲ್ಲೋ?" ಅಂದಳು.

"ಗೊತ್ತಿಲ್ಲ ಯವ್ವಾ. ಗೊತ್ತು ಮಾಡ್ಕೊಳ್ಳಾಕೇ ಹೊಂಟೀವಿ."

"ನೀವು ಹೆದರೀರಿ. ಅದಕ್ಕ ನಾ ಕೇಳಾಕತ್ತೀನಿ."

ವರದಿ ಎಂಟು ದಿನಕ್ಕೆ ಬಂತು. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್. ಅದನ್ನು ಅಮರಮ್ಮನ ಮನೆಯವರಿಗೆ ಡಾಕ್ಟರೇ ಕೂಡ್ರಿಸಿ ತಿಳಿಸಿದರು, ರಾಯಚೂರಿನ ದೊಡ್ಡ ಡಾಕ್ಟರಿಗೆ ಚೀಟಿ ಬರೆದರು. ಚೀಟಿಯ ಜೊತೆ ಹೋಗಬೇಕಾದ ಹಳೆಯ ವಿವರ ಬರೆದುಕೊಳ್ಳಲು ನಾನು ರಿಜಿಸ್ಟರು ತೆರೆದೆ.

ನನ್ನ ನೀಲಿ ಸಾಲಿನ ಕೆಳಗೆ, ಮುಂದಿನ ರೋಗಿಯ ಹೆಸರಿನ ಮೇಲೆ, ಇಕ್ಕಟ್ಟಿನಲ್ಲಿ ಒಂದು ಕಪ್ಪು ಸಾಲು ಇತ್ತು. "ಪರೀಕ್ಷೆಗೆ ಸಂಬಂಧಿಕರು ಒಪ್ಪಲಿಲ್ಲ." ನನ್ನ ಅಕ್ಷರ ಅಲ್ಲ.

ನಾನು ಪುಸ್ತಕ ಹಿಡಿದುಕೊಂಡೇ ಡಾಕ್ಟರ ಕೋಣೆಗೆ ಹೋದೆ. "ಇದು ನಾ ಬರದದ್ದಲ್ಲ ಸರ್."

ಅವರು ನೋಡಿದರು, ನೋಡಿದ ರೀತಿಯಲ್ಲಿ ಆಶ್ಚರ್ಯ ಇರಲಿಲ್ಲ. "ಯಾರ್ ಬರದ್ರೇನು ಸಿಸ್ಟರ್. ಅವರು ತುಣುಕು ಒಯ್ದದ್ದು ಖರೆ ಹೌದಲ್ಲೋ?"

"ಒಯ್ದದ್ದು ಖರೆ. ಒಪ್ಪಲಿಲ್ಲ ಅನ್ನೋದು ಸುಳ್ಳು. ಅವರನ್ನ ಯಾರೂ ಕೇಳೇ ಇಲ್ಲ."

"ನಿಮ್ಮ ಸರ್ವಿಸ್ ಮುಗಿಯಾಕ ಬಂತು. ಈ ಸಾಲು ನಿಮ್ಮನ್ನೂ ಉಳಸ್ತದ. ವಿಚಾರ ಮಾಡ್ರಿ."

ವಿಚಾರ ಮಾಡಿದೆ. ಸುಳ್ಳು ಹೇಳುವುದಿಲ್ಲ. ಒಂದು ಪೂರ್ತಿ ದಿನ ಆ ಸಾಲು ಅಲ್ಲೇ ಇರಲಿ ಅನ್ನಿಸಿತ್ತು. ಬರೆದವರು ಯಾರು ಎಂದು ನಾನು ಕಣ್ಣಾರೆ ಕಂಡಿಲ್ಲ, ಹಾಗಾಗಿ ಇಲ್ಲಿಯೂ ಹೇಳುವುದಿಲ್ಲ. ಆದರೆ ಆ ಸಾಲು ಚೀಟಿಯ ಜೊತೆ ರಾಯಚೂರಿಗೆ ಹೋದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಆ ಮನೆಯಲ್ಲಿ ಒಬ್ಬ ಮುದುಕಿ ಸೊಸೆಯ ಕಾಲಿಗೆ ತಾನೇ ಕುತ್ತು ತಂದೆ ಎಂದು ಸಾಯುವ ತನಕ ನಂಬುತ್ತಾಳೆ. ಅವಳು ಆಗಲೇ ಉಪ್ಪಿನ ಲೆಕ್ಕ ಹಾಕುತ್ತಿದ್ದಳು.

ಬಿಳಿ ಹಾಳೆಯ ಮೇಲೆ ನಾನೇ ಬರೆದೆ: ಮೊದಲ ತುಣುಕಿನ ಅಂಚು ಕಪ್ಪಗಿತ್ತು; ಅದನ್ನು ಪರೀಕ್ಷೆಗೆ ಕಳಿಸಲಿಲ್ಲ; ಮನೆಯವರು ಬೇಡ ಅಂದಿಲ್ಲ; ಕೇಳಿದರು, ನಾನು ಕೊಟ್ಟೆ. ಸಹಿ ಮಾಡಿದೆ. ಅವರ ಜೊತೆ ರಾಯಚೂರಿಗೆ ನಾನೂ ಹೋದೆ.

ಅಲ್ಲಿನ ಡಾಕ್ಟರು ಹಿಮ್ಮಡಿಯ ಆ ಭಾಗವನ್ನು ಅಗಲವಾಗಿ ತೆಗೆದು ತೊಡೆಯ ಚರ್ಮ ಹಚ್ಚಿದರು. ತೊಡೆಸಂದಿಯಿಂದ ತೆಗೆದ ಗ್ರಂಥಿಗಳಲ್ಲಿ ಒಂದರಲ್ಲಿ ರೋಗ ಇತ್ತು. ವಾರ್ಡಿನ ಹೊರಗೆ ನಾನು ಅವರನ್ನು ತಡೆದು ಕೇಳಿದೆ: ಹತ್ತು ತಿಂಗಳ ಹಿಂದೆ ಗೊತ್ತಾಗಿದ್ದರೆ ರೋಗ ಗ್ರಂಥಿಗೆ ಹೋಗುತ್ತಿರಲಿಲ್ಲವೇ? ನನ್ನ ಹಾಳೆ ಅವರ ಕೈಯಲ್ಲಿತ್ತು. ಅವರು ಅದನ್ನು ಎರಡನೆಯ ಸಲ ಓದಿದರು.

"ಹೇಳಾಕ ಬರಂಗಿಲ್ಲ" ಅಂದರು. "ಆ ಮೊದಲ್ನೇ ತುಣುಕು ಇದ್ದಿದ್ರ ಹೇಳಬಹುದಿತ್ತು."

ಈರಮ್ಮ ಪಕ್ಕದ ಬೆಂಚಿನ ಮೇಲೆ ಕುಳಿತಿದ್ದಳು. ಡಾಕ್ಟರು ಹೋದ ಮೇಲೆ, "ಮೊದಲಿಂದು ನಾ ಹೊಳಿಗೆ ಬಿಟ್ಟೆ" ಅಂದಳು. ಧ್ವನಿ ಬಹಳ ಸಣ್ಣದಿತ್ತು. "ಅದನ್ನ ಬಿಡಬಾರದಿತ್ತೇನು?"

"ಬಿಟ್ಟದ್ದು ನಿಮ್ಮ ತಪ್ಪಲ್ಲ ಯವ್ವಾ. ನಿಮ್ಮ ಕೈಗೆ ಕೊಟ್ಟಾಕಿ ನಾನು."

"ಕೊಡಬಾರದು ಅಂತ ನಿಮಗ ಗೊತ್ತಿತ್ತಾ?"

ಮಾನ್ವಿಯ ಡಾಕ್ಟರು ಹೇಳಿಕೊಟ್ಟ ಮೂರು ಮಾತಿನಲ್ಲಿ ಮೊದಲನೆಯದೇ ಕರ್ರಗಿದ್ದದ್ದು. "ಗೊತ್ತಿತ್ತು" ಅಂದೆ.

"ನನಗ ಗೊತ್ತಿದ್ದಿಲ್ಲ" ಅಂದಳು. ಎದ್ದು ಸೊಸೆಯ ಹಾಸಿಗೆಯ ಕಡೆ ಹೋದಳು. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ನಾನು ಆ ತಿಂಗಳೇ ಕೆಲಸ ಬಿಟ್ಟೆ. ಬಿಡಿಸಿದರು ಎಂದೂ ಹೇಳಬಹುದು, ಎರಡಕ್ಕೂ ನಡುವೆ ಅಷ್ಟು ಅಂತರ ಇರಲಿಲ್ಲ. ಅಮರಮ್ಮ ಬದುಕಿದ್ದಾಳೆ. ಔಷಧ ನಡೆದಿದೆ, ಮೂರು ತಿಂಗಳಿಗೊಮ್ಮೆ ರಾಯಚೂರಿಗೆ ತೋರಿಸಲು ಬರುತ್ತಾಳೆ. ಕುಂಟುತ್ತಾ ನಡೆಯುತ್ತಾಳೆ, ಕೆಸರಿಗೆ ಇಳಿಯುವುದಿಲ್ಲ. ದಂಡೆಯ ಮೇಲೆ ಕುಳಿತು ಸಸಿಯ ಕಟ್ಟು ಬಿಚ್ಚಿ ಕೊಡುತ್ತಾಳೆ, ಹಿಂದುಳಿದವರನ್ನು ಹೆಸರು ಹಿಡಿದು ಬೈಯುತ್ತಾಳೆ. ಇನ್ನು ಮುಂದೆ ಏನು ಎಂದು ಯಾರಿಗೂ ಗೊತ್ತಿಲ್ಲ. ನಾನು ಊಹಿಸುವುದಿಲ್ಲ.

ಹೋದ ನಾಟಿಯ ಕಾಲದಲ್ಲಿ ಅವಳನ್ನು ನೋಡಲು ಹಳ್ಳಿಗೆ ಹೋದೆ. ಈರಮ್ಮ ಬರ್ರಿ ಅನ್ನಲಿಲ್ಲ, ಹೋಗ್ರಿ ಅಂತಲೂ ಅನ್ನಲಿಲ್ಲ. ಸಂಜೆಯ ಮುಂದೆ ನಾಟಿಯ ಹೆಣ್ಣುಮಕ್ಕಳು ಗದ್ದೆಯಿಂದ ಬಂದರು. ಅವರು ಮನೆಗೆ ಹೋಗುವ ಮೊದಲೇ ಈರಮ್ಮ ಎಲ್ಲರ ಕಾಲು ತೊಳೆಸಿ ಕಟ್ಟೆಯ ಮೇಲೆ ಸಾಲಾಗಿ ಕೂಡ್ರಿಸಿದಳು.

"ಅಂಗಾಲು ತೋರಸ್ರಿ. ನಾಚಿಕಿ ಪಡಾಕ ಇಲ್ಲೇನು ವರ ಬಂದಿಲ್ಲ" ಅಂದಳು. ಆಮೇಲೆ ನನಗೆ: "ನೋಡ್ರಿ."

ನಾನು ಒಬ್ಬೊಬ್ಬರ ಕಾಲನ್ನೂ ಕೈಯಲ್ಲಿ ಹಿಡಿದು ನೋಡಿದೆ, ಬೆರಳ ಸಂದಿ ಬಿಡಿಸಿ ನೋಡಿದೆ. ಈರಮ್ಮ ಬ್ಯಾಟರಿ ಹಿಡಿದು ನನ್ನ ಹಿಂದೆಯೇ ಬಂದಳು. ನಾನು ನೋಡಿದ್ದನ್ನೆಲ್ಲ ಅವಳೂ ನೋಡಿದಳು. ಐದನೆಯವಳ ಎಡಗಾಲಿನ ಕಿರುಬೆರಳ ಬುಡದಲ್ಲಿ ಜೋಳದ ಕಾಳಿನಷ್ಟು ಕಪ್ಪಿತ್ತು.

"ಮುಳ್ಳು ಮುರದದ್ರಿ, ಹೋದ ವರ್ಷ" ಅಂದಳು ಆಕೆ.

ಇರಬಹುದು. ಬಾಯಿಗೆ ಬಂದ ಆ ಮಾತನ್ನು ನಾನು ಹೊರಗೆ ಬಿಡಲಿಲ್ಲ. ಈರಮ್ಮ ನನ್ನ ಮುಖ ನೋಡುತ್ತಿದ್ದಳು. ಆಮೇಲೆ ನನ್ನ ಎದುರಿಗೇ ಆಕೆಗೆ ಹೇಳಿದಳು:

"ಈ ಬಾಯಾರು ಏನೂ ಇಲ್ಲ ಅಂದ್ರ ನಂಬಬ್ಯಾಡ. ರಾಯಚೂರಿಗಿ ಹೋಗಿ ತೋರಸು."

"ನಾನೂ ಅದನ್ನೇ ಹೇಳಾಕತ್ತಿದ್ದೆ ಯವ್ವಾ."

"ನೀವು ಹೇಳಿದ್ರೂ ಹೋಗ್ಲಿ, ಹೇಳಲಿಲ್ಲಂದ್ರೂ ಹೋಗ್ಲಿ" ಅಂದು ಅವಳು ಬ್ಯಾಟರಿಯನ್ನು ಮುಂದಿನವಳ ಪಾದದ ಮೇಲೆ ಹಿಡಿದಳು. ನಾನು ಬಗ್ಗಿದೆ.